ಹಸಿವಿನ ಮಾತಿಗೆ ಕಿವಿಗೊಡೋಣ

ಊಟದ ವಿಷಯದಲ್ಲಿ ಇಂದು ನಮಗೆ ಸಲಹೆಗಳ ಕೊರತೆಯಿಲ್ಲ. ಅನ್ನ ಬಿಡಿ ಎನ್ನುವವರು ಒಬ್ಬರು, ತುಪ್ಪ ಬಿಡಿ ಎನ್ನುವವರು ಇನ್ನೊಬ್ಬರು, ರಾತ್ರಿಯ ಊಟವನ್ನೇ ಬಿಡಿ ಎನ್ನುವವರು ಮತ್ತೊಬ್ಬರು. ಇಷ್ಟೆಲ್ಲ ಮಾತುಗಳ ನಡುವೆ ನಾವು ಕೇಳಿಸಿಕೊಳ್ಳದೆ ಬಿಟ್ಟಿರುವುದು ನಮ್ಮ ಹಸಿವಿನ ಮಾತನ್ನು. 1995ರಲ್ಲಿ ಅಮೆರಿಕದ ಎವೆಲಿನ್ ಟ್ರಿಬೋಲಿ ಮತ್ತು ಎಲಿಸ್ ರೆಶ್ ಎಂಬ ಇಬ್ಬರು ಆಹಾರತಜ್ಞೆಯರು ‘ಇಂಟ್ಯೂಟಿವ್ ಈಟಿಂಗ್’ ಎಂಬ ಗ್ರಂಥವನ್ನು ಹೊರತಂದರು. ಅದರ ತಿರುಳನ್ನು ಮೂರು ಮಾತುಗಳಲ್ಲಿ ಹೇಳಬಹುದು: ಹಸಿದಾಗ ಉಣ್ಣುವುದು, ತೃಪ್ತಿಯಾದಾಗ ನಿಲ್ಲಿಸುವುದು, ಉಂಡುದಕ್ಕಾಗಿ ಕೊರಗದಿರುವುದು.

ಹಸಿವು ದೌರ್ಬಲ್ಯವಲ್ಲ, ಅದು ದೇಹದ ವ್ಯವಸ್ಥಿತ ಸಂದೇಶ. ಹೊಟ್ಟೆ ಬರಿದಾದಾಗ ಜಠರದಿಂದ ಹೊರಡುವ ಗ್ರೆಲಿನ್ ಎಂಬ ರಸದೂತವು ಮೆದುಳಿಗೆ ಆಹಾರದ ಅಗತ್ಯವನ್ನು ತಿಳಿಸುತ್ತದೆ. ದೇಹದ ಕೊಬ್ಬಿನಿಂದ ಬರುವ ಲೆಪ್ಟಿನ್, ಸಂಗ್ರಹ ಸಾಕಷ್ಟಿದೆಯೆಂದು ಸೂಚಿಸುತ್ತದೆ. ಇವುಗಳಲ್ಲಿ ಲೆಪ್ಟಿನ್ 1994ರಲ್ಲಿ, ಗ್ರೆಲಿನ್ 1999ರಲ್ಲಿ ವಿಜ್ಞಾನಿಗಳಿಗೆ ಗೋಚರವಾದವು. ಊಟ ಆರಂಭಿಸಿದ ಮೇಲೆ ‘ಸಾಕು’ ಎಂಬ ಭಾವ ಪೂರ್ಣವಾಗಿ ಮೂಡಲು ಸುಮಾರು 20 ನಿಮಿಷ ಬೇಕಾಗುತ್ತದೆ. ಅವಸರದಲ್ಲಿ ಉಣ್ಣುವವನು ಆ ಸಂದೇಶ ತಲುಪುವ ಮೊದಲೇ ಅಗತ್ಯಕ್ಕಿಂತ ಹೆಚ್ಚು ಉಂಡಿರುತ್ತಾನೆ.

ಹಸಿವನ್ನು ಬಲವಂತವಾಗಿ ಅದುಮಿದರೆ ಏನಾಗುತ್ತದೆ? 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ, ಅವರ ಸಮ್ಮತಿಯಿಂದಲೇ, 24 ವಾರಗಳ ಕಾಲ ಅರೆಹೊಟ್ಟೆಯ ಆಹಾರ ನೀಡಿ ಅಧ್ಯಯನ ಮಾಡಿದರು. ಅವರ ದೇಹ ಕೃಶವಾದಂತೆ ಮನಸ್ಸೆಲ್ಲ ಊಟದಲ್ಲೇ ತುಂಬಿತು. ಕೆಲವರು ಪಾಕಶಾಸ್ತ್ರದ ಪುಸ್ತಕಗಳನ್ನು ಓದುತ್ತ ಕಾಲ ಕಳೆದರು. ನಿರ್ಬಂಧ ತೆರವಾದ ಮೇಲೆ ಅವರಲ್ಲಿ ಹಲವರು ಹೊಟ್ಟೆ ಬಿರಿಯುವಂತೆ ತಿಂದರೂ ತೃಪ್ತಿ ಕಾಣಲಿಲ್ಲ. ಕಠಿಣ ಪಥ್ಯ ಹಿಡಿದು ವಾರ ಕಳೆಯುವುದರೊಳಗೆ ಸಿಹಿಯ ಡಬ್ಬಿಗೆ ಕೈಹಾಕಿ, ತನ್ನನ್ನೇ ಹಳಿದುಕೊಳ್ಳುವ ಸೋದರಿಯರು ಇದನ್ನು ಅರಿಯಬೇಕು. ಅದು ಅವರ ಮನೋಬಲದ ಸೋಲಲ್ಲ, ಕೊರತೆಗೆ ದೇಹ ತೋರುವ ಪ್ರತಿಕ್ರಿಯೆ.

ಕೊರತೆಯ ನೆನಪು ನಮ್ಮ ಮನೆಗಳಲ್ಲೂ ಉಂಟು. ಬಂಟ್ವಾಳ ತಾಲ್ಲೂಕಿನಲ್ಲಿ, ಕಾಸರಗೋಡಿನ ಗಡಿಗೆ ಸಮೀಪವಿರುವ ಕನ್ಯಾನದಂತಹ ಊರುಗಳನ್ನು ನೋಡೋಣ. ಅಲ್ಲಿ ಮಳೆ ಬಿಡದೆ ಸುರಿಯುವ ಆಟಿ ತಿಂಗಳೆಂದರೆ ಹಿಂದೆ ಕಣಜ ಬರಿದಾಗುವ ಕಾಲ. ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಹಲಸಿನ ಬೀಜ, ಕೆಸುವಿನೆಲೆಯ ಪತ್ರೊಡೆ ಇವೇ ಆಗ ಆಸರೆ. ಆ ದಿನಗಳನ್ನು ಕಂಡ ಹಿರಿಯರು ಇಂದು ಮೊಮ್ಮಕ್ಕಳಿಗೆ ‘ಇನ್ನೊಂದು ಸೌಟು’ ಎಂದು ಒತ್ತಾಯಿಸಿದರೆ ಅದು ಅಕ್ಕರೆಯೇ. ಬಯಲುಸೀಮೆಯಲ್ಲಿ ಬರಗಾಲ ಕಂಡ ನಮ್ಮ ಅಜ್ಜಿಯರೂ ಹಾಗೆಯೇ ಬಡಿಸಿದ್ದಾರೆ. ಆದರೆ ಪ್ರತಿದಿನ ಒತ್ತಾಯದಿಂದ ಉಂಡ ಮಗು ತನ್ನ ಹೊಟ್ಟೆಯನ್ನು ನಂಬುವುದನ್ನು ಬಿಟ್ಟು ತಟ್ಟೆಯನ್ನು ನೋಡಿ ಉಣ್ಣಲು ಕಲಿಯುತ್ತದೆ.

ಅದೇ ಸೀಮೆಯಲ್ಲಿ ಒಳ್ಳೆಯ ಪಾಠವೂ ಇದೆ. ಅಲ್ಲಿನ ನಿತ್ಯದ ಆಹಾರ ಕುಚ್ಚಲಕ್ಕಿಯ ಗಂಜಿ. ಭತ್ತವನ್ನು ಬೇಯಿಸಿ ಒಣಗಿಸಿದ ಬಳಿಕ ಅಕ್ಕಿ ಮಾಡುವುದರಿಂದ ತೌಡಿನಲ್ಲಿರುವ ಬಿ1 ಜೀವಸತ್ವದ ಒಂದಷ್ಟು ಭಾಗ ಕಾಳಿನೊಳಗೆ ಇಳಿದು ಉಳಿಯುತ್ತದೆ. ಬಿಸಿ ಗಂಜಿಯನ್ನು ಗಬಗಬನೆ ನುಂಗಲಾಗದು. ಚಟ್ನಿಯನ್ನೋ ಉಪ್ಪಿನಕಾಯಿಯನ್ನೋ ನಂಜಿಕೊಳ್ಳುತ್ತ ನಿಧಾನವಾಗಿ ಉಣ್ಣಬೇಕು. ಆಗ ತೃಪ್ತಿಯ ಸಂದೇಶಕ್ಕೆ ಮೆದುಳನ್ನು ತಲುಪಲು ಸಮಯ ದೊರೆಯುತ್ತದೆ. ಜೋಳದ ರೊಟ್ಟಿಯನ್ನು ಮುರಿದು, ಅಗಿದು ಉಣ್ಣುವಾಗಲೂ ಇದೇ ಲಾಭ.

ಇಲ್ಲಿ ಭಕ್ತರಲ್ಲಿ ಒಂದು ಸಂದೇಹ ಏಳಬಹುದು. ಲಿಂಗಕ್ಕೆ ಅರ್ಪಿತವಾದ ಪದಾರ್ಥ ಪ್ರಸಾದವಾಗುತ್ತದೆ, ಪ್ರಸಾದವನ್ನು ಬಿಡಬಾರದು. ತಟ್ಟೆ ತೊಳೆದ ನೀರನ್ನೂ ಚೆಲ್ಲದೆ ಕುಡಿಯುವ ನಿಷ್ಠೆ ನಮ್ಮಲ್ಲಿದೆ. ಹಾಗಿರುವಾಗ ತೃಪ್ತಿಯಾದೊಡನೆ ಕೈತೊಳೆಯುವುದು ಹೇಗೆ? ಉತ್ತರ ಸರಳವಾಗಿದೆ. ಮಿತಿಯ ನಿರ್ಧಾರವಾಗಬೇಕಾದದ್ದು ಊಟದ ಕೊನೆಯಲ್ಲಲ್ಲ, ಬಡಿಸಿಕೊಳ್ಳುವಾಗ. ದಾಸೋಹದಲ್ಲಿ ಮತ್ತೆ ಕೇಳಿದವರಿಗೆ ಮತ್ತೆ ಬಡಿಸುತ್ತಾರೆ. ಆದ್ದರಿಂದ ಮೊದಲೇ ರಾಶಿ ಹಾಕಿಸಿಕೊಳ್ಳುವ ಕಾರಣವಿಲ್ಲ. ಬಡಿಸುವವರೂ ‘ಬೇಕೆ?’ ಎಂದು ಕೇಳಲಿ, ‘ಸಾಕು’ ಎಂಬ ಮಾತನ್ನು ಮನ್ನಿಸಲಿ. ಪ್ರಸಾದವೆಂದು ಸ್ವೀಕರಿಸಿದ ಹಬ್ಬದ ಹೋಳಿಗೆಯನ್ನು ಉಂಡ ಮೇಲೆ ಪಾಪವೆಂದು ಎಣಿಸುವುದೂ ಸಲ್ಲದು. ಆಸ್ವಾದಿಸಿ ಉಂಡ ಒಂದು ಹೋಳಿಗೆ ತರುವ ತೃಪ್ತಿಯನ್ನು ಅಪರಾಧಭಾವದಿಂದ ತಿಂದ ನಾಲ್ಕು ತರಲಾರವು.

ಮನೆಯ ತಾಯಂದಿರ ಬಗ್ಗೆ ಒಂದು ಮಾತು. ಎಲ್ಲರಿಗೂ ಬಡಿಸಿ, ಹಸಿವು ಮೀರಿದ ಮೇಲೆ ಕುಳಿತು, ಹಾಳಾಗಬಾರದೆಂದು ಉಳಿದದ್ದನ್ನೆಲ್ಲ ತಾವೇ ಮುಗಿಸುವ ತಾಯಂದಿರು ಅನೇಕರು. ಅವರ ಹಸಿವಿಗೂ ಹೊತ್ತಿದೆ, ಅವರ ಹೊಟ್ಟೆಗೂ ಮಿತಿಯಿದೆ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತರೆ ಅವರ ಆರೋಗ್ಯಕ್ಕೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಆಚರಣೆಗೆ ಇಷ್ಟು ಸಾಕು. ಊಟಕ್ಕೆ ಮೊದಲು ಕ್ಷಣಕಾಲ ಕಣ್ಮುಚ್ಚಿ, ಇದು ಹಸಿವೋ, ಬೇಸರವೋ, ಬರಿಯ ಬಾಯಾರಿಕೆಯೋ ಎಂದು ಕೇಳಿಕೊಳ್ಳೋಣ. ದೂರದರ್ಶನ, ಮೊಬೈಲುಗಳನ್ನು ಬದಿಗಿಟ್ಟು ಉಣ್ಣೋಣ. ಊಟದ ಮಧ್ಯೆ ಒಮ್ಮೆ ಕೈ ತಡೆದು ಹೊಟ್ಟೆಯನ್ನು ವಿಚಾರಿಸೋಣ.

ಆದರೆ ಈ ಮಾರ್ಗ ಎಲ್ಲರಿಗೂ ಒಂದೇ ಬಗೆಯದಲ್ಲ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಹಸಿವಿಲ್ಲವೆಂದು ಊಟ ತಪ್ಪಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಅವರು ವೈದ್ಯರು ಹೇಳಿದ ಹೊತ್ತನ್ನು ಪಾಲಿಸಲೇಬೇಕು. ವೃದ್ಧರಲ್ಲಿ ಮತ್ತು ರೋಗಿಗಳಲ್ಲಿ ಹಸಿವು ಮಂದವಾಗಿರುವುದರಿಂದ ಅವರಿಗೆ ಹೊತ್ತುಹೊತ್ತಿಗೆ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಊಟವೆಂದರೆ ಭಯಪಟ್ಟು ಸೊರಗುತ್ತಿರುವ ಮಕ್ಕಳನ್ನು ಗದರಿಸದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಅನ್ನವು ಶತ್ರುವಲ್ಲ, ಹಸಿವು ದೋಷವಲ್ಲ. ನಾಳೆಯ ಊಟದಲ್ಲಿ ಒಂದು ಸೌಟು ಕಡಿಮೆ ಬಡಿಸಿಕೊಂಡು ಆರಂಭಿಸೋಣ. ಬೇಕೆನಿಸಿದರೆ ನಿಸ್ಸಂಕೋಚವಾಗಿ ಮತ್ತೆ ಕೇಳೋಣ.