ಬೇಸಿಗೆ ರಜೆ: ಖರ್ಚು ಬೇಡದ ಕಡೆ, ಬೇಕಾದ ಕಡೆ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬೀಳುತ್ತಿದ್ದಂತೆ ಅಪ್ಪ-ಅಮ್ಮಂದಿರ ಬಾಯಲ್ಲಿ ಒಂದೇ ಮಾತು: ‘ಶಿಬಿರಕ್ಕೆ ಹಾಕದಿದ್ದರೆ ಮಕ್ಕಳು ಹಿಂದೆ ಬೀಳುತ್ತಾರೆ.’ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಮಗುವನ್ನು ನೋಡಿಕೊಳ್ಳುವ ಒಂದು ಜಾಗ ಬೇಕೇ ಬೇಕು, ಅದಕ್ಕೆ ಶಿಬಿರ ಸರಿ. ಸಾವಿರಾರು ರೂಪಾಯಿ ಕಟ್ಟಿದರಷ್ಟೇ ಮಕ್ಕಳು ಏನಾದರೂ ಕಲಿಯುತ್ತಾರೆ ಎಂಬ ನಂಬಿಕೆ ಮಾತ್ರ ತಪ್ಪು.

ಚೌಕಾಬಾರವನ್ನೇ ತೆಗೆದುಕೊಳ್ಳಿ. ಸೀಮೆಸುಣ್ಣದಲ್ಲಿ ಬರೆದ ಐದೈದರ 25 ಮನೆ, ಕವಡೆ ಸಿಗದಿದ್ದರೆ ನಾಲ್ಕು ಹುಣಸೆ ಬೀಜ. ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿಕೊಳ್ಳಬೇಕು. ಎಷ್ಟು ಬಿಳಿ ಮೇಲಾಯಿತೋ ಅಷ್ಟು ಮನೆ ನಡೆ. ಒಂದೂ ಬಿಳಿ ಇಲ್ಲದಿದ್ದರೆ ಎಂಟು. ಎರಡು ಪದೇ ಪದೇ ಬೀಳುತ್ತದೆ, ನಾಲ್ಕು ಅಪರೂಪ. ಯಾಕೆ ಎಂದು ಮಕ್ಕಳನ್ನು ಕೇಳಿ ನೋಡಿ. ನಾಲ್ಕು ಬೀಜ ಬೀಳುವ 16 ಬಗೆಗಳನ್ನು ಬರೆದು ಎಣಿಸಿದರೆ ಎರಡು ಬರುವುದು ಆರು ಬಗೆಯಲ್ಲಿ, ನಾಲ್ಕು ಬರುವುದು ಒಂದೇ ಬಗೆಯಲ್ಲಿ. ಸಂಭವನೀಯತೆಯ ಪಾಠ ಆಟದಲ್ಲೇ ಮುಗಿಯಿತು! ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರೇ ಕೂತು ಹೊಸ ಹೊಸ ಮಣೆಯಾಟಗಳನ್ನು ರೂಪಿಸಿದ್ದರು. ಇದು ಹೊತ್ತು ಕಳೆಯುವವರ ಕಾಲಹರಣ ಅನ್ನಬೇಡಿ.

ಇನ್ನೊಂದು ನಂಬಿಕೆ ದೊಡ್ಡವರಲ್ಲೂ ಇದೆ: ದಿನಾ ಮಧ್ಯಾಹ್ನ 12ಕ್ಕೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ ಎಂಬುದು. ನಮ್ಮಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ದಿನ, ಅದೂ 12 ದಾಟಿ ಸುಮಾರು ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ. ಎರಡನೆಯ ಸಲ ಮಳೆಗಾಲದ ಮೋಡ ಅಡ್ಡ. ಮೊದಲನೆಯದು ಬೀಳುವುದು ಬೇಸಿಗೆ ರಜೆಯಲ್ಲೇ: ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು, ಮೈಸೂರಿನಲ್ಲಿ ಅದಕ್ಕೆ ಒಂದೆರಡು ದಿನ ಮೊದಲು, ಹುಬ್ಬಳ್ಳಿಯಲ್ಲಿ ಮೇ ಮೊದಲ ವಾರ, ಕಲಬುರಗಿಯಲ್ಲಿ ಮೇ 10ರ ಸುಮಾರಿಗೆ. ಅಂದು ನೆಟ್ಟಗೆ ನಿಲ್ಲಿಸಿದ ಪೈಪಿನ ತುಂಡಿಗೆ ನೆರಳೇ ಇರುವುದಿಲ್ಲ. ಒಂದು ವಾರ ಮೊದಲೇ ಶುರುಮಾಡಿ, ದಿನವೂ ಅದೇ ಹೊತ್ತಿಗೆ ನೆರಳಿನ ತುದಿಗೆ ಗುರುತು ಹಾಕಿಸಿ. ಉತ್ತರಕ್ಕೆ ಚಾಚಿದ್ದ ನೆರಳು ದಿನೇ ದಿನೇ ಕುಗ್ಗಿ, ಮಾಯವಾಗಿ, ಆಮೇಲೆ ದಕ್ಷಿಣಕ್ಕೆ ಇಣುಕುತ್ತದೆ. ಮಕ್ಕಳು ಸೂರ್ಯನನ್ನು ನೇರವಾಗಿ ನೋಡದಂತೆ ಎಚ್ಚರವಿರಲಿ, ತಲೆಗೆ ಟೋಪಿ ಇರಲಿ.

‘ಬಿಸಿಲು ಜಾಸ್ತಿ, ಮೊಬೈಲ್ ಕೊಟ್ಟರೆ ಖರ್ಚಿಲ್ಲದೆ ತೆಪ್ಪಗಿರುತ್ತವೆ’ ಅನ್ನುವವರಿಗೆ ಎರಡು ಮಾತು. ಐದರಿಂದ ಹತ್ತು ವರ್ಷದ ಮಕ್ಕಳಿಗೆ ದಿನಕ್ಕೆ ಎರಡು ಗಂಟೆಯೊಳಗೇ ಪರದೆ ಸಾಕು ಎನ್ನುತ್ತದೆ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿ. ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ಸಮೀಪದೃಷ್ಟಿ ಬರುವ ಸಾಧ್ಯತೆ ಕಡಿಮೆ. ಆ ಬೆಳಕಿಗೆ ಉರಿಬಿಸಿಲೇ ಬೇಕಿಲ್ಲ, ಬೆಳಿಗ್ಗೆಯ ಹೊತ್ತು ಅಥವಾ ಸಂಜೆ ನಾಲ್ಕೂವರೆಯ ಮೇಲೆ ಮರದ ನೆರಳಾದರೂ ಆದೀತು. ನಡುಮಧ್ಯಾಹ್ನಕ್ಕೆ ಪುಸ್ತಕ ಇದೆ: ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ.

ಇವೆಲ್ಲಕ್ಕೂ ಮೊದಲ ಹದಿನೈದು ನಿಮಿಷ ದೊಡ್ಡವರು ಜೊತೆಗೆ ಕೂರಬೇಕು. ಆಮೇಲೆ ಎದ್ದು ಹೋದರೂ ಮಕ್ಕಳಿಗೆ ಗೊತ್ತಾಗುವುದಿಲ್ಲ.

ಖರ್ಚಿಲ್ಲದ ಮಜಾಗಳಲ್ಲಿ ಒಂದನ್ನು ಮಾತ್ರ ನಾನು ಒಪ್ಪಲಾರೆ. ‘ನಾವೇನು ಯಾರಿಂದ ಕಲಿತೆವು? ಕೆರೆಗೆ ಬಿಟ್ಟರೆ ತಾವೇ ಈಜು ಕಲಿಯುತ್ತವೆ’ ಅನ್ನುವ ಮಾತು ಜೀವ ತೆಗೆಯುತ್ತದೆ. ಹೂಳೆತ್ತಿದ ಕೆರೆಯ ತಳ ಒಮ್ಮೆಗೇ ಆಳಕ್ಕೆ ಇಳಿದಿರಬಹುದು. ಕಲ್ಲುಕ್ವಾರಿಗೆ ಹತ್ತಿ ಬರುವ ದಡವೇ ಇರುವುದಿಲ್ಲ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡದ ಇಳಿಜಾರು ಪಾಚಿಗಟ್ಟಿ ಜಾರುತ್ತದೆ. ಈಜು ಬಲ್ಲವರಿಗೂ ಮೇಲೆ ಬರುವುದು ಕಷ್ಟ. ಈಜು ಕಲಿಸುವುದಾದರೆ ತರಬೇತುದಾರರಿರುವ ಕೊಳಕ್ಕೆ ಶುಲ್ಕ ಕಟ್ಟಿ. ಹೊಲದಲ್ಲಿ ಹೊಂಡವಿದ್ದರೆ ಮಕ್ಕಳು ರಜೆಗೆ ಬರುವ ಮೊದಲೇ ಸುತ್ತ ಬೇಲಿ ಹಾಕಿಸಿ, ಗಟ್ಟಿ ಗೂಟಕ್ಕೆ ಕಟ್ಟಿದ ಹಗ್ಗವೊಂದನ್ನು ನೀರಿನವರೆಗೆ ಇಳಿಬಿಡಿ.