ಕ್ಷೌರದ ಕತ್ತಿ: ಉಕ್ಕು, ಕಲ್ಲು, ನೀರು

ಮೀಸೆ ಚಿಗುರುವ ವಯಸ್ಸಿಗೆ ಬಂದ ತರುಣನು ಒಂದಲ್ಲ ಒಂದು ದಿನ ಕ್ಷೌರದ ವಿಷಯವನ್ನು ಯೋಚಿಸಲೇಬೇಕಾಗುತ್ತದೆ. ಇಂದು ಪೇಟೆಯಲ್ಲಿ ದೊರೆಯುವ ಸಾಧನಗಳು ಹಲವು. ಅವುಗಳಲ್ಲಿ ಹಿರಿಯದು, ಹಿಡಿಯೊಳಗೆ ಮಡಿಸಿಡಬಹುದಾದ ಉದ್ದನೆಯ ಅಲಗಿನ ಕ್ಷೌರದ ಕತ್ತಿ. ಉರ್ದು ಬಲ್ಲವರ ಬಾಯಲ್ಲಿ ‘ಉಸ್ತರಾ’. ಅದನ್ನು ಕಂಡೊಡನೆ ಹೊಸಬನಲ್ಲಿ ಮೊದಲು ಹುಟ್ಟುವುದು ಭಯ. ಈ ಭಯ ಅಕಾರಣವಾದುದೇನೂ ಅಲ್ಲ. ಆದರೆ ಕತ್ತಿಯನ್ನು ಅಂಕೆಯಲ್ಲಿಡುವ ಶಕ್ತಿ ಧೈರ್ಯಕ್ಕಿಲ್ಲ, ತಿಳಿವಳಿಕೆಗಿದೆ. ಉಕ್ಕು, ಕಲ್ಲು, ನೀರು ಎಂಬ ಮೂರು ಪದಾರ್ಥಗಳ ಗುಣವನ್ನು ಅರಿತವನ ಕೈಯಲ್ಲಿ ಈ ಕತ್ತಿ ಸೌಮ್ಯವಾದುದು. ಅರಿಯದವನ ಕೈಯಲ್ಲಿ ಅಪಾಯಕರವಾದುದು.

ಈ ಮೂರನ್ನೂ ಪರೀಕ್ಷಿಸಿ ನೋಡಲು ಕಲಬುರಗಿ ಜಿಲ್ಲೆಯ ಪೂರ್ವಭಾಗವು ತಕ್ಕ ಪ್ರಯೋಗಶಾಲೆಯಾಗಿದೆ. ಶಹಾಬಾದಿನ ಹಾಸುಗಲ್ಲನ್ನು ಕಾಣದ ಮನೆ ಕನ್ನಡನಾಡಿನಲ್ಲಿ ವಿರಳ. ವಾಡಿ, ಸೇಡಂ ಮತ್ತು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಸಿಮೆಂಟು ಕಾರ್ಖಾನೆಗಳು ಅಲ್ಲಿರುವುದಕ್ಕೆ ಕಾರಣವೂ ಅದೇ ಸುಣ್ಣಕಲ್ಲು. ಚಿತ್ತಾಪುರದ ಹೊಲಗಳ ಕೆಳಗೂ ಈ ಕಲ್ಲಿನ ಪದರಗಳು ಹಾಸಿಕೊಂಡಿವೆ. ಚಿಂಚೋಳಿಯ ಗುಡ್ಡಗಳ ಕಡೆಗೆ ನಡೆದರೆ ಮಾತ್ರ ಕಪ್ಪು ಬಸಾಲ್ಟೂ ಕೆಂಪು ಜಂಬಿಟ್ಟಿಗೆಯೂ ಎದುರಾಗುತ್ತವೆ. ನೆಲದ ಈ ಕಲ್ಲಿಗೂ ಮುಖದ ಮೇಲಿನ ನೊರೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ನಿಕಟವಾದುದೇ. ಅದನ್ನು ಕ್ರಮವಾಗಿ ನೋಡೋಣ.

ಉಕ್ಕು

ಗಡ್ಡದ ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದಾದುದು. ನಮ್ಮ ಉಗುರು, ದನದ ಕೊಂಬು, ಕುದುರೆಯ ಗೊರಸು ಎಲ್ಲವೂ ಇದೇ ಜಾತಿಯ ಪದಾರ್ಥದಿಂದ ರಚಿತವಾಗಿವೆ. ಕೂದಲಿನ ದಪ್ಪ ಸುಮಾರು ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು. ಚೆನ್ನಾಗಿ ಮಸೆದ ಕತ್ತಿಯ ಬಾಯಿಯಾದರೋ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ತೆಳುವು. ಬಲವು ಎಷ್ಟು ಕಿರಿದಾದ ಜಾಗದ ಮೇಲೆ ಬೀಳುವುದೋ ಒತ್ತಡವು ಅಷ್ಟು ಹೆಚ್ಚುವುದೆಂಬ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು. ಆದ್ದರಿಂದ ಹರಿತವಾದ ಕತ್ತಿಗೆ ಕೈಯ ಬಲ ಬೇಕಿಲ್ಲ. ಅದರ ತೂಕವೇ ಸಾಕು. ಒತ್ತಿದರೆ ಮಾತ್ರ ಕತ್ತರಿಸುತ್ತದೆ ಎನ್ನಿಸಿದ ಕ್ಷಣವೇ ಕತ್ತಿ ಮೊಂಡಾಗಿದೆಯೆಂದು ತಿಳಿಯತಕ್ಕದ್ದು.

ಇಷ್ಟು ತೆಳುವಾದ ಬಾಯಿ ಬಾಗದೆ, ಮುರಿಯದೆ ನಿಲ್ಲಬೇಕಾದರೆ ಲೋಹವು ಉತ್ತಮವಾಗಿರಬೇಕು. ಕಬ್ಬಿಣಕ್ಕೆ ನೂರಕ್ಕೆ ಒಂದರಷ್ಟು ಇಂಗಾಲ ಬೆರೆತಾಗ ಕತ್ತಿಗೆ ತಕ್ಕ ಉಕ್ಕಾಗುತ್ತದೆ. ಅದನ್ನು ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದರೆ ಅತಿ ಗಡುಸಾಗುತ್ತದೆ, ಆದರೆ ಗಾಜಿನಂತೆ ಪೆಡಸಾಗುತ್ತದೆ. ಮತ್ತೆ ಮೆಲ್ಲನೆ ಸ್ವಲ್ಪ ಕಾಯಿಸಿದಾಗ ಪೆಡಸುತನ ತಗ್ಗಿ ಹದ ಬರುತ್ತದೆ. ದಕ್ಷಿಣ ಭಾರತದ ಕುಶಲಿಗಳು ಮೂಸೆಗಳಲ್ಲಿ ಕರಗಿಸಿ ತೆಗೆಯುತ್ತಿದ್ದ ಉಕ್ಕನ್ನು ಐರೋಪ್ಯರು ‘ವೂಟ್ಸ್’ ಎಂದು ಕರೆದರು. ಅದು ನಮ್ಮ ‘ಉಕ್ಕು’ ಎಂಬ ಮಾತೇ ರೂಪಾಂತರ ಹೊಂದಿದುದೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ವಿದ್ಯುತ್ತಿನ ಸಂಶೋಧನೆಗಳಿಂದ ಜಗದ್ವಿಖ್ಯಾತನಾದ ಮೈಕೆಲ್ ಫ್ಯಾರಡೆ ೧೮೨೦ರ ಆಸುಪಾಸಿನಲ್ಲಿ ಜೇಮ್ಸ್ ಸ್ಟೊಡಾರ್ಟ್ ಎಂಬ ಕತ್ತಿ ತಯಾರಕನೊಡನೆ ಲಂಡನ್ನಿನಲ್ಲಿ ಈ ಉಕ್ಕನ್ನು ಪರೀಕ್ಷಿಸಿದನು. ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸಿಯೂ ನೋಡಿದನು. ಆ ಮಿಶ್ರಲೋಹದಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಅವನು ಗೆಳೆಯರಿಗೆ ಉಡುಗೊರೆಯಾಗಿ ಕೊಡುತ್ತಿದ್ದನು.

ಗಡುಸಾದ ಉಕ್ಕನ್ನು ಮೆದುವಾದ ಕೂದಲು ಕೆಡಿಸುವುದುಂಟೆ? ಉಂಟು. ಕೂದಲು ಉಕ್ಕಿಗಿಂತ ಸುಮಾರು ಐವತ್ತು ಪಾಲು ಮೆದುವಾದರೂ ದಿನಗಳೆದಂತೆ ಅಲಗು ಮೊಂಡಾಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಇದನ್ನು ಪರಿಶೀಲಿಸಿ ೨೦೨೦ರಲ್ಲಿ ಕಾರಣವನ್ನು ಪ್ರಕಟಿಸಿದರು. ಅಲಗು ಓರೆಯಾಗಿ ಬಂದಾಗ ಕೂದಲು ಬಾಗುತ್ತದೆ. ಉಕ್ಕಿನ ರಚನೆ ಎಲ್ಲೆಡೆಯೂ ಏಕರೂಪವಾಗಿರದ ಕಾರಣ, ಬಲಹೀನವಾದ ಎಡೆಗಳಲ್ಲಿ ಅಂಚಿನಿಂದ ಸಣ್ಣ ಚೂರುಗಳು ಸಿಡಿಯುತ್ತವೆ. ಆದುದರಿಂದ ಕೂದಲನ್ನು ಮೊದಲೇ ನೆನೆಸಿ ಮೆದುಗೊಳಿಸುವುದು ಚರ್ಮಕ್ಕೆ ಎಷ್ಟು ಹಿತವೋ ಕತ್ತಿಗೂ ಅಷ್ಟೇ ಹಿತ.

ಕಲ್ಲು

ಮೊಂಡಾದ ಕತ್ತಿಯನ್ನು ಮನೆಯ ಶಹಾಬಾದ್ ಕಲ್ಲಿನ ಮೇಲೆಯೇ ಮಸೆಯಬಾರದೇಕೆ? ಖನಿಜಗಳ ಗಡಸುತನವನ್ನು ಅಳೆಯಲು ಜರ್ಮನಿಯ ಫ್ರೀಡ್ರಿಖ್ ಮೋಸ್ ೧೮೧೨ರಲ್ಲಿ ಒಂದರಿಂದ ಹತ್ತರವರೆಗಿನ ಶ್ರೇಣಿಯೊಂದನ್ನು ಏರ್ಪಡಿಸಿದನು. ಶ್ರೇಣಿಯಲ್ಲಿ ಮೇಲಿನದು ಕೆಳಗಿನದನ್ನು ಗೀರಬಲ್ಲದು. ಶಹಾಬಾದ್ ಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಸ್ಥಾನ ೩. ಹದಗೊಳಿಸಿದ ಉಕ್ಕಿನದು ಸುಮಾರು ೬.೫. ಮರಳಿನ ಕ್ವಾರ್ಟ್ಸ್ ಖನಿಜದ್ದು ೭, ಕುರುಂದದ್ದು ೯. ಶಹಾಬಾದ್ ಕಲ್ಲಿನ ಮೇಲೆ ಉಜ್ಜಿದರೆ ಕತ್ತಿ ಕಲ್ಲನ್ನು ಸವೆಸೀತೇ ಹೊರತು ಕಲ್ಲು ಕತ್ತಿಯನ್ನು ಮಸೆಯಲಾರದು. ನಡಿಗೆಗೆ ಹಿತವಾದ ಕಲ್ಲೆಲ್ಲ ಸಾಣೆಗೆ ಒದಗುವುದಿಲ್ಲ. ಕ್ವಾರ್ಟ್ಸಿನ ನುಣ್ಣನೆಯ ಕಣಗಳುಳ್ಳ ನೈಸರ್ಗಿಕ ಸಾಣೆಕಲ್ಲು, ಇಲ್ಲವೆ ಅಲ್ಯುಮಿನಿಯಂ ಆಕ್ಸೈಡಿನಿಂದ ಮಾಡಿದ ಕೃತಕ ಸಾಣೆಕಲ್ಲು ಇದಕ್ಕೆ ಬೇಕು.

ಮಸೆಯುವಾಗ ಯಾವ ಕೋನದಲ್ಲಿ ಹಿಡಿಯಬೇಕೆಂಬ ಚಿಂತೆಯನ್ನು ಕತ್ತಿಯ ಆಕಾರವೇ ಪರಿಹರಿಸುತ್ತದೆ. ಕತ್ತಿಯ ಬೆನ್ನು ದಪ್ಪ, ಬಾಯಿ ತೆಳು. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿದರಾಯಿತು. ಬೆನ್ನಿನ ದಪ್ಪ ೫ ಮಿಲಿಮೀಟರು, ಅಲಗಿನ ಅಗಲ ೧೭ ಮಿಲಿಮೀಟರು ಇದ್ದರೆ ಅಂಚಿನ ಕೋನ ಸುಮಾರು ೧೭ ಡಿಗ್ರಿ ಆಗುತ್ತದೆ. ತ್ರಿಕೋನಮಿತಿ ಕಲಿತವರು ಇದನ್ನು ತಾವೇ ಲೆಕ್ಕ ಮಾಡಿ ನೋಡಬಹುದು. ಕಲ್ಲಿನ ಮೇಲೆ ಬಾಯಿ ಮುಂದಾಗಿ ಚಲಿಸಬೇಕು. ತೊಗಲಿನ ಪಟ್ಟಿಯ ಮೇಲೆ ತೀಡುವಾಗ ಇದಕ್ಕೆ ತಿರುಗುಮುರುಗು: ಬೆನ್ನು ಮುಂದೆ, ಬಾಯಿ ಹಿಂದೆ. ಮರೆತರೆ ಕತ್ತಿ ಪಟ್ಟಿಯನ್ನೇ ಸೀಳುತ್ತದೆ. ಸಾಣೆ ಎಂದಾದರೊಮ್ಮೆ ಸಾಕು. ತೊಗಲಿನ ಮೇಲೆ ತೀಡುವುದು ಪ್ರತಿ ಕ್ಷೌರಕ್ಕೂ ಮುಂಚೆ ಆಗಬೇಕಾದ ಕೆಲಸ. ಹೊಸಬನು ಮೊದಲ ಸಾಣೆಯನ್ನು ಬಲ್ಲವರಿಂದ ಹಿಡಿಸುವುದೇ ಲೇಸು.

ನೀರು

ಸಾಣೆಗೆ ಒದಗದ ಸುಣ್ಣಕಲ್ಲು ನೊರೆಗೂ ತೊಡಕನ್ನು ತರುತ್ತದೆ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ಕಲ್ಲಿನ ಬಿರುಕುಗಳಲ್ಲಿ ಇಳಿಯುವಾಗ ಕ್ಯಾಲ್ಸಿಯಂ ಕಾರ್ಬೊನೇಟನ್ನು ಬೈಕಾರ್ಬೊನೇಟಾಗಿ ಮಾರ್ಪಡಿಸಿ ಕರಗಿಸಿಕೊಳ್ಳುತ್ತದೆ. ಹೀಗಾಗಿ ಸುಣ್ಣಕಲ್ಲಿನ ನೆಲದ ಬಾವಿ, ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಅಂಥ ನೀರಿನಲ್ಲಿ ಸಾಬೂನು ಹಾಕಿದರೆ ಕ್ಯಾಲ್ಸಿಯಂ ಅದರೊಡನೆ ಕೂಡಿ ನೀರಿನಲ್ಲಿ ಕರಗದ ಬಿಳಿಯ ಕೆನೆಯಾಗುತ್ತದೆ. ಈ ಕೆನೆಯಾಗಿ ಮುಗಿಯುವವರೆಗೂ ನೊರೆ ಏಳದು. ಎದ್ದ ನೊರೆಯೂ ಬೇಗನೆ ಒಣಗಿ ಕುಸಿಯುತ್ತದೆ. ನೊರೆಯ ಕೆಲಸವಾದರೋ ಅಲಂಕಾರವಲ್ಲ: ಕೂದಲಿನ ಸುತ್ತ ನೀರನ್ನು ಹಿಡಿದಿಡುವುದು ಮತ್ತು ಅಲಗಿಗೂ ಚರ್ಮಕ್ಕೂ ನಡುವೆ ಜಾರುವ ಪದರವೊಂದನ್ನು ಒದಗಿಸುವುದು. ನೊರೆ ಕೆಟ್ಟಲ್ಲಿ ಕತ್ತಿ ತಡೆಯುತ್ತದೆ, ತಡೆದಲ್ಲಿ ಗಾಯವಾಗುತ್ತದೆ. ಕಲಿಯುವವನು ತನ್ನ ಕೈಯದೆಂದು ಎಣಿಸುವ ದೋಷ ಎಷ್ಟೋ ವೇಳೆ ನೀರಿನದಾಗಿರುತ್ತದೆ.

ಪರಿಹಾರ ಸುಲಭ. ನೀರನ್ನು ಹತ್ತು ನಿಮಿಷ ಕುದಿಸಿ ಆರಲು ಬಿಟ್ಟರೆ ಬೈಕಾರ್ಬೊನೇಟು ಒಡೆದು ಕಾರ್ಬೊನೇಟು ತಳಕ್ಕಿಳಿಯುತ್ತದೆ. ತಿಳಿಯನ್ನು ಬಗ್ಗಿಸಿಕೊಂಡರೆ ಕ್ಷೌರಕ್ಕೆ ತಕ್ಕ ನೀರಾಯಿತು. ಕ್ಲೋರೈಡು, ಸಲ್ಫೇಟುಗಳಿಂದ ಬಂದ ಗಡಸುತನವಾದರೆ ಕುದಿಸಿದರೂ ಹೋಗದು. ಆಗ ಹಿಡಿದಿಟ್ಟ ಮಳೆನೀರೇ ಉತ್ತಮ.

ಇದನ್ನು ಶಾಲೆಯಲ್ಲಿಯೇ ಪರೀಕ್ಷಿಸಬಹುದು. ಸ್ವಲ್ಪ ಸಾಬೂನನ್ನು ತುರಿದು ಮಳೆನೀರಿನಲ್ಲಿ ಕರಗಿಸಿಡಿ. ಒಂದೇ ಗಾತ್ರದ ಮೂರು ಸೀಸೆಗಳಲ್ಲಿ ೫೦ ಮಿಲಿಲೀಟರಿನಂತೆ ಬಾವಿಯ ನೀರು, ಅದೇ ನೀರನ್ನು ಕುದಿಸಿ ತಿಳಿಗೊಳಿಸಿದುದು ಮತ್ತು ಮಳೆನೀರನ್ನು ತುಂಬಿರಿ. ಪ್ರತಿಯೊಂದಕ್ಕೂ ಸಾಬೂನಿನ ದ್ರಾವಣವನ್ನು ಹನಿಹನಿಯಾಗಿ ಹಾಕಿ ಕುಲುಕಿ, ಒಂದು ನಿಮಿಷ ನಿಲ್ಲುವ ನೊರೆ ಬರಲು ಎಷ್ಟು ಹನಿ ಬೇಕಾಯಿತೆಂದು ಎಣಿಸಿರಿ. ಶಹಾಬಾದಿನ ಬಾವಿಯ ನೀರನ್ನು ಚಿಂಚೋಳಿಯ ಬಸಾಲ್ಟಿನ ನೆಲದ ಬಾವಿಯ ನೀರಿನೊಡನೆ ಹೀಗೆಯೇ ಹೋಲಿಸಿ ನೋಡಿದರೆ ನಿಮ್ಮ ಸೀಮೆಯ ಭೂವಿಜ್ಞಾನದ ಪಾಠವೂ ಆದೀತು.

ಕೈ

ತನ್ನ ಮುಖವನ್ನು ತಾನೇ ಕ್ಷೌರ ಮಾಡಿಕೊಳ್ಳುವುದನ್ನು ಬಿಡಿಸಿ ಹೇಳುವ ಪುಸ್ತಕವೊಂದನ್ನು ಫ್ರಾನ್ಸಿನ ಕತ್ತಿ ತಯಾರಕ ಜ್ಯಾನ್ ಜಾಕ್ ಪೆರೆ ೧೭೬೯ರಲ್ಲಿಯೇ ಬರೆದಿದ್ದನು. ಇಂದಿಗೂ ಹೊಸಬನಿಗೆ ಬೇಕಾದ ನಿಯಮಗಳು ಕೆಲವೇ. ಮನೆಯ ಹಿರಿಯರು ಹತ್ತಿರವಿದ್ದಾಗ, ಸಾಕಷ್ಟು ಬೆಳಕಿನಲ್ಲಿ ಕೆಲಸಕ್ಕೆ ತೊಡಗಬೇಕು. ಉಬ್ಬಿಸಿದ ಬೆಲೂನಿಗೆ ನೊರೆ ಹಚ್ಚಿ, ಅದು ಒಡೆಯದಂತೆ ನೊರೆಯನ್ನು ತೆಗೆಯುವ ಅಭ್ಯಾಸ ಕೈಯನ್ನು ಹಗುರಗೊಳಿಸುತ್ತದೆ.

ಮುಖವನ್ನು ಬೆಚ್ಚನೆಯ ನೀರಿನಿಂದ ಎರಡು ಮೂರು ನಿಮಿಷ ನೆನೆಸಿ ನೊರೆ ಹಚ್ಚಬೇಕು. ಒಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಅಲಗನ್ನು ಚರ್ಮಕ್ಕೆ ಸುಮಾರು ೩೦ ಡಿಗ್ರಿ ಕೋನದಲ್ಲಿಟ್ಟು, ಕೂದಲು ಬೆಳೆದ ದಿಕ್ಕಿನಲ್ಲಿಯೇ ಸಣ್ಣ ಸಣ್ಣ ಎಳೆತಗಳಿಂದ ಸಾಗಬೇಕು. ಕೋನ ಹೆಚ್ಚಿದರೆ ಅಲಗು ಚರ್ಮಕ್ಕೆ ನಾಟುತ್ತದೆ. ತೀರ ಕಡಿಮೆಯಾದರೆ ಕೂದಲನ್ನು ಕೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು, ಅಲಗನ್ನು ಅದರ ಉದ್ದಕ್ಕೆ ಎಂದಿಗೂ ಜಾರಿಸಬಾರದು. ತರಕಾರಿ ಹೆಚ್ಚುವವರು ಚಾಕುವನ್ನು ಹಿಂದೆ ಮುಂದೆ ಎಳೆಯುವುದನ್ನು ಕಂಡಿದ್ದೇವಲ್ಲವೆ? ಅದೇ ಚಲನೆ ಚರ್ಮವನ್ನೂ ಕೊಯ್ಯುತ್ತದೆ.

ಮೊದಲ ವಾರ ಕೆನ್ನೆಗಳಷ್ಟೇ ಸಾಕು; ಉಳಿದುದನ್ನು ಸೇಫ್ಟಿ ರೇಜರಿನಿಂದ ಮುಗಿಸಬಹುದು. ಗದ್ದ, ಮೇಲ್ದುಟಿ ಆಮೇಲೆ, ಕುತ್ತಿಗೆ ಕೊನೆಗೆ. ಮೊಡವೆಗಳಿದ್ದಲ್ಲಿ ಕತ್ತಿಯನ್ನು ಮುಟ್ಟಿಸಲೇಬಾರದು. ಮುಗಿದ ಮೇಲೆ ತಣ್ಣೀರಿನಿಂದ ತೊಳೆದು ಪಟಿಕವನ್ನು ಸವರಿದರೆ ಸಣ್ಣ ಗೀರುಗಳ ರಕ್ತ ನಿಲ್ಲುತ್ತದೆ. ಕತ್ತಿಯನ್ನು ಒರೆಸಿ, ಒಣಗಿಸಿ, ಎಣ್ಣೆಯ ಪಸೆ ಸವರಿ ಇಡಬೇಕು. ತುಕ್ಕಿಗೆ ಮೊದಲು ಬಲಿಯಾಗುವುದು ತೆಳುವಾದ ಬಾಯಿಯೇ.

ರಕ್ತ ಮತ್ತು ವೃತ್ತಿ

ಒಂದು ಎಚ್ಚರಿಕೆಯನ್ನು ಮಾತ್ರ ಎಷ್ಟು ಸಲ ಹೇಳಿದರೂ ಹೆಚ್ಚಾಗದು: ಕ್ಷೌರದ ಅಲಗು ಒಬ್ಬನದೇ ಆಗಿರಬೇಕು. ಕಣ್ಣಿಗೆ ಕಾಣದ ಗೀರಿನಿಂದಲೂ ರಕ್ತ ಅಂಟಬಹುದು. ರಕ್ತದ ಮೂಲಕ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಏಡ್ಸ್ ರೋಗಾಣುಗಳು ಹರಡಬಲ್ಲವು. ಹೆಪಟೈಟಿಸ್ ಬಿ ವೈರಸ್ಸು ದೇಹದ ಹೊರಗೆ ಏಳು ದಿನಗಳಾದರೂ ಜೀವಂತಿಕೆಯನ್ನು ಕಳೆದುಕೊಳ್ಳದೆ ಇರಬಲ್ಲದು. ಅಣ್ಣತಮ್ಮಂದಿರಾದರೂ, ವಸತಿಗೃಹದ ಗೆಳೆಯರಾದರೂ ಕತ್ತಿಯನ್ನಾಗಲಿ ತೊಗಲಿನ ಪಟ್ಟಿಯನ್ನಾಗಲಿ ಹಂಚಿಕೊಳ್ಳಬಾರದು. ಅಂಗಡಿಯಲ್ಲಿ ಕ್ಷೌರ ಮಾಡಿಸಿಕೊಳ್ಳುವಾಗ ಹೊಸ ಬ್ಲೇಡನ್ನು ಕಣ್ಣೆದುರಿಗೇ ಬಿಚ್ಚಿ ಹಾಕಬೇಕೆಂದು ಕೇಳುವುದು ಅವಿನಯವಲ್ಲ. ಅದು ಗಿರಾಕಿಗೂ ಕುಶಲಿಗೂ ಸಮಾನವಾದ ರಕ್ಷೆ. ಬದಲಿಸಬಹುದಾದ ಬ್ಲೇಡಿನ ಕತ್ತಿಗಳು ಅಂಗಡಿಗಳಲ್ಲಿ ಬಳಕೆಗೆ ಬಂದಿರುವುದು ಇದರಿಂದಲೇ ಉಪಯುಕ್ತ. ಕಲಿಯುವವನಿಗೂ ಅವು ತಕ್ಕವು. ಕೋನ, ಎಳೆತ, ಎಚ್ಚರ ಎಲ್ಲವೂ ಹಳೆಯ ಕತ್ತಿಯವೇ.

ಈ ವಿದ್ಯೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ನಮ್ಮ ಕ್ಷೌರಿಕರು. ಕಲಬುರಗಿ ಸೀಮೆಯಲ್ಲಿ ಅವರಲ್ಲಿ ಅನೇಕರು ಹಡಪದ ಸಮಾಜದವರು. ಹಡಪವೆಂದರೆ ಎಲೆ ಅಡಕೆಯ ಚೀಲ. ಕ್ಷೌರದ ಸಾಮಾನಿನ ಚೀಲಕ್ಕೂ ಅದೇ ಹೆಸರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ನಿಕಟವರ್ತಿಯಾಗಿದ್ದ ಹಡಪದ ಅಪ್ಪಣ್ಣನವರನ್ನು ಈ ಸಮಾಜ ತನ್ನ ಹಿರಿಯರೆಂದು ಗೌರವಿಸುತ್ತದೆ. ಅಪ್ಪಣ್ಣನವರೂ ಅವರ ಪತ್ನಿ ಲಿಂಗಮ್ಮನವರೂ ವಚನಕಾರರು. ಇಂಥ ವೃತ್ತಿಯ ಹೆಸರನ್ನೇ ಬೈಗುಳವನ್ನಾಗಿ ಬಳಸುವ ಕೆಟ್ಟ ರೂಢಿ ನಮ್ಮಲ್ಲಿ ಉಳಿದಿರುವುದು ಅಜ್ಞಾನದ ಲಕ್ಷಣವೇ ಸರಿ. ಉಕ್ಕಿನ ಹದ, ಕಲ್ಲಿನ ಗಡಸುತನ, ನೀರಿನ ಗುಣ, ಚರ್ಮದ ಸೂಕ್ಷ್ಮ ಇವೆಲ್ಲವನ್ನೂ ಬೆರಳ ತುದಿಯಲ್ಲಿ ಅರಿತವನು ಪರರ ಕುತ್ತಿಗೆಯ ಮೇಲೆ ಕತ್ತಿಯಾಡಿಸಿಯೂ ಗೀರಿಲ್ಲದೆ ಕಳುಹಿಸುತ್ತಾನೆ.

ಆದ್ದರಿಂದ ಕತ್ತಿ ಹಿಡಿಯಬಯಸುವ ತರುಣ ಮಿತ್ರರು ಮೊದಲು ತಮ್ಮ ಊರಿನ ಕುಶಲಿಯ ಕೈಯನ್ನು ಗಮನವಿಟ್ಟು ನೋಡಲಿ. ಸಾಧ್ಯವಾದರೆ ಕೇಳಿ ಕಲಿಯಲಿ. ಅಲಗನ್ನು ಯಾವ ಕೋನದಲ್ಲಿಡುತ್ತಾರೆ, ಚರ್ಮವನ್ನು ಯಾವ ಕಡೆಗೆ ಎಳೆಯುತ್ತಾರೆ, ಎಲ್ಲಿ ಕೈಯನ್ನು ತಡೆಯುತ್ತಾರೆ ಎಂಬುದನ್ನು ಕಂಡುಕೊಂಡ ಮೇಲೆ ಮನೆಯಲ್ಲಿ ನೀರು ಕಾಯಿಸಲಿ.