ಅಳೆಯುವ ಕೈ

ಇಂದು ಹೊಸನಗರ ತಾಲ್ಲೂಕಿನ ಚಿಕ್ಕ ಊರಾಗಿರುವ ನಗರವು ಬಿದನೂರೆಂಬ ಹೆಸರಿನಿಂದ ಕೆಳದಿಯ ಅರಸರ ರಾಜಧಾನಿಯಾಗಿದ್ದ ಕಾಲದಲ್ಲಿ, 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು ಭೂಮಿಯ ಗುಣವನ್ನೂ ಬೆಳೆಯನ್ನೂ ಪರೀಕ್ಷಿಸಿ, ರೈತನು ಕೊಡಬೇಕಾದುದು ಇಷ್ಟೇ ಎಂದು ಗೊತ್ತುಮಾಡಿದ ಕಂದಾಯವು ‘ಶಿಸ್ತು’ ಎಂದು ಪ್ರಸಿದ್ಧವಾಯಿತು. ಕೊಳ್ಳುವವನ ಆಸೆಗೆ ಹಾಕಿದ ಆ ಮಿತಿಯೇ ಬಡವನಿಗೆ ರಕ್ಷೆಯಾಗಿದ್ದಿತು. ಅನಂತರದ ಪ್ರಭುಗಳು ಅದರ ಮೇಲೆ ಬಗೆಬಗೆಯ ಪಟ್ಟಿಗಳನ್ನು ಹೇರುತ್ತ ಹೋದರು.

ಮುಂದೆ ಈ ಸೀಮೆಯು ಮೈಸೂರಿಗೆ ಸೇರಿದ ಮೇಲೆ, ಅಲ್ಲಿಯ ಅರಸರಾದ ಮುಮ್ಮಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ ‘ಶರತ್ತು’ ಪದ್ಧತಿ ಬಂದು, ಇಷ್ಟು ಹಣವನ್ನು ಖಜಾನೆಗೆ ತುಂಬುವೆನೆಂದು ಒಪ್ಪಿಕೊಂಡ ಅಮಲ್ದಾರನು ಕಡಮೆಬಿದ್ದುದನ್ನು ತನ್ನ ಕೈಯಿಂದಲೇ ತೆರಬೇಕಾದುದರಿಂದ, ಆ ಭಯವನ್ನೆಲ್ಲ ಅವನು ರೈತನ ಬೆನ್ನಿನ ಮೇಲೆಯೇ ಇಳಿಸಿದನು. ಮಹಾಕ್ರಾಂತಿಗೆ ಮುನ್ನ ಫ್ರಾನ್ಸಿನಲ್ಲಿ ತೆರಿಗೆಯ ಗುತ್ತಿಗೆದಾರರು ಜನರನ್ನು ಹಿಂಡಿದ್ದೂ ಇಂಥದೇ ಏರ್ಪಾಡಿನ ಬಲದಿಂದ. 1830ರಲ್ಲಿ ನಗರ ಸೀಮೆಯ ರೈತರು ‘ಕೂಟ’ಗಳಾಗಿ ನೆರೆದು ಕಂದಾಯ ಕೊಡಲೊಲ್ಲೆವೆಂದರು, ಬಿದನೂರಿನ ಗಾದಿಗೆ ತಾನೇ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪನು ಅವರ ಮುಂದಾಳಾದನು. ದಂಗೆಯನ್ನು ದಂಡು ಅಡಗಿಸಿತು. ಆ ದುರಾಡಳಿತವನ್ನೇ ಕಾರಣವಾಗಿ ಮುಂದೊಡ್ಡಿ, 1831ರಲ್ಲಿ ಕಂಪನಿ ಸರ್ಕಾರವು ಮೈಸೂರಿನ ಆಡಳಿತವನ್ನು ತಾನೇ ವಹಿಸಿಕೊಂಡಿತು; ಬ್ರಿಟಿಷರ ಕೈಯಿಂದ ಅದು 1881ರವರೆಗೂ ಬಿಡುಗಡೆಯಾಗಲಿಲ್ಲ. ಪೀಡಿತರ ಗೋಳು ಮತ್ತೊಬ್ಬ ಪ್ರಭುವಿಗೆ ಅಧಿಕಾರಪತ್ರವಾದುದು ಇತಿಹಾಸದ ದುಃಖಕರವಾದ ಪ್ರಸಂಗಗಳಲ್ಲೊಂದು.

ಸ್ವಾತಂತ್ರ್ಯ ಬಂದ ಮೇಲಾದರೂ ಈ ಕಥೆ ಮುಗಿಯಬೇಕಾಗಿದ್ದಿತು. ಆದರೆ ಸಾಗರದ ಸಮೀಪದ ಕಾಗೋಡಿನಲ್ಲಿ, ಬಹುಮಟ್ಟಿಗೆ ದೀವರ ಸಮುದಾಯದವರಾದ ಗೇಣಿದಾರರ ಭತ್ತವನ್ನು ಒಡೆಯರು ವಾಡಿಕೆಗಿಂತ ದೊಡ್ಡ ಕೊಳಗದಿಂದ ಅಳೆದುಕೊಳ್ಳುತ್ತ, ಕೊಟ್ಟ ಗೇಣಿಗೆ ರಶೀದಿಯನ್ನೂ ಕೊಡದೆ ಹೋದುದರಿಂದ, ತಲೆಮಾರಿನಿಂದ ಉತ್ತವನಿಗೂ ತಾನು ಉತ್ತೆನೆಂಬುದಕ್ಕೆ ಒಂದು ಚೂರು ಕಾಗದವಿಲ್ಲವಾಯಿತು. ಗಣಪತಿಯಪ್ಪನವರೆಂಬ ಮುಂದಾಳು ಈ ಗೇಣಿದಾರರ ರೈತಸಂಘವನ್ನು ಕಟ್ಟಿದರು. 1951ರ ಏಪ್ರಿಲಿನಲ್ಲಿ, ಒಡೆಯರು ತಮ್ಮಿಂದ ಬಿಡಿಸಿಕೊಂಡ ಗದ್ದೆಗಳಿಗೆ ನೇಗಿಲು ಹೊತ್ತು ಇಳಿದ ರೈತರು ತಂಡತಂಡವಾಗಿ ಬಂಧನಕ್ಕೊಳಗಾದರು; ಜೂನಿನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ತಾವೂ ಸೆರೆಯಾದರು. ಕೊಲ್ಲುವ ಆಯುಧವನ್ನು ಹಿಡಿಯದೆ, ಉಳುವ ಆಯುಧವನ್ನೇ ಹಿಡಿದು ನಿಂತ ಆ ನಿರಕ್ಷರ ಜನರ ಧೈರ್ಯವನ್ನು ನಾಡು ಇನ್ನೂ ತಕ್ಕಷ್ಟು ಗೌರವಿಸಿಲ್ಲವೆಂದೇ ನನ್ನ ಭಾವನೆ.

ತೀರ್ಥಹಳ್ಳಿ ತಾಲ್ಲೂಕಿನ ಆರಗದವರಾದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದು, ಈ ಪ್ರಶ್ನೆಯನ್ನು ವಿಧಾನಸಭೆಗೆ ಒಯ್ದರು. ಉಳುವವನಿಗೇ ಭೂಮಿಯ ಒಡೆತನವನ್ನು ಕೊಡಲೆಂದು ದೇವರಾಜ ಅರಸರ ಸರ್ಕಾರ ಮಾಡಿದ ತಿದ್ದುಪಡಿ ಜಾರಿಗೆ ಬಂದುದು 1974ರಲ್ಲಿ. ಗೌಡರು 1972ರಲ್ಲಿಯೇ ತೀರಿಕೊಂಡಿದ್ದರು.

ಅಷ್ಟರೊಳಗೆ ಅದೇ ಸೀಮೆಯಲ್ಲಿ ವಿದ್ಯುತ್ತಿಗಾಗಿ ಶರಾವತಿ ನದಿಗೆ ಲಿಂಗನಮಕ್ಕಿಯ ಅಣೆಕಟ್ಟು ಎದ್ದು, 1964ರಲ್ಲಿ ಪೂರ್ಣವಾಗಿ, ಸಾಗರ, ಹೊಸನಗರಗಳ ಊರುಗಳೂ ಗದ್ದೆಗಳೂ ಮುಳುಗಿದವು. ನಾಡಿಗೆ ಬೆಳಕು ಕೊಟ್ಟವರನ್ನು ಕಾಡಿನ ನೆಲಕ್ಕೆ ಕಳುಹಿಸಲಾಯಿತು; ಅವರಲ್ಲಿ ಅನೇಕರ ಮಕ್ಕಳು, ಮೊಮ್ಮಕ್ಕಳು ತಾವು ಉಳುವ ಭೂಮಿಯ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿಗಳಿಗೆ ಅರ್ಜಿ ಹಿಡಿದು ಅಲೆಯುತ್ತಿದ್ದಾರೆ.